ನೋಂದಣಿ ಮತ್ತು ನಿರಂತರ ಹೊಣೆ: ಆಸ್ಟ್ರೇಲಿಯಾದ 2024ರ ವಯೋವೃದ್ಧರ ಆರೈಕೆ ಕಾಯ್ದೆಯ ಹಿನ್ನೆಲೆಯಲ್ಲಿ ಸೇವಾಸಂಸ್ಥೆಗಳ ಪೂರ್ವಸಿದ್ಧತೆ

ಸಾರಾಂಶ

ಆಸ್ಟ್ರೇಲಿಯಾದಲ್ಲಿ 1997ರ ವಯೋವೃದ್ಧರ ಆರೈಕೆ ಕಾಯ್ದೆಯ ಜಾಗದಲ್ಲಿ 2024ರ ಹೊಸ ಕಾಯ್ದೆ 2025ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಸಂಸ್ಥೆಗಳಿಗೆ ಒಮ್ಮೆ ದೊರೆಯುತ್ತಿದ್ದ ಅನುಮೋದನೆ ಹೋಗಿ, ಸೇವೆಯ ಬಗೆಯನ್ನು ಆಧರಿಸಿದ, ಅವಧಿ ಮುಗಿದೊಡನೆ ನವೀಕರಿಸಿಕೊಳ್ಳಬೇಕಾದ ನೋಂದಣಿ ಬಂದಿದೆ. ಇಂಥ ಸನ್ನಿವೇಶದಲ್ಲಿ ಸಂಸ್ಥೆಯೊಂದು ಹೇಗೆ ಸಿದ್ಧವಾಗಬೇಕು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಕಾಯ್ದೆಯಲ್ಲಿ ನೆಲೆಗೊಂಡ ಹೊಣೆ ಯಾವುದು, ನಿಯಮಾವಳಿಯಲ್ಲಿ ಬದಲಾಗುತ್ತ ಹೋಗುವ ವಿವರ ಯಾವುದು ಎಂದು ಮೊದಲು ಬಿಡಿಸಿಕೊಂಡು, ದಿನನಿತ್ಯದ ಕೆಲಸವನ್ನು ಆ ಹೊಣೆಯ ಸುತ್ತ ಕಟ್ಟಿಕೊಳ್ಳುವುದೇ ನಿಜವಾದ ಸಿದ್ಧತೆ ಎಂಬುದು ಇಲ್ಲಿನ ವಾದ.

1. ಹಿನ್ನೆಲೆ

ಹೊಸ ಕಾಯ್ದೆಯ ಬೇರು ಅಡಿಲೇಡ್ ನಗರದ ಓಕ್‌ಡೆನ್ ಪ್ರಕರಣದಲ್ಲಿದೆ. ದಕ್ಷಿಣ ಆಸ್ಟ್ರೇಲಿಯಾ ಸರ್ಕಾರವೇ ನಡೆಸುತ್ತಿದ್ದ, ಮಾನಸಿಕ ಅಸ್ವಸ್ಥತೆಯುಳ್ಳ ವೃದ್ಧರ ಈ ಆರೈಕೆ ಕೇಂದ್ರ 2016ರಲ್ಲಿ ಮಾನ್ಯತೆಯ ತಪಾಸಣೆಯಲ್ಲಿ ತೇರ್ಗಡೆಯಾಗಿತ್ತು. ಮರುವರ್ಷವೇ ಅಲ್ಲಿನ ನಿರ್ಲಕ್ಷ್ಯ, ದೌರ್ಜನ್ಯಗಳು ಬಯಲಾಗಿ ಅದನ್ನು ಮುಚ್ಚಬೇಕಾಯಿತು. ಪ್ರಮಾಣಪತ್ರ ಸರಿಯಾಗಿದ್ದೂ ಆರೈಕೆ ಕೆಟ್ಟಿರುವುದು ಸಾಧ್ಯ ಎಂಬುದು ಆಗ ಇಡೀ ದೇಶಕ್ಕೆ ಮನವರಿಕೆಯಾಯಿತು. 2018ರ ಅಕ್ಟೋಬರ್‌ನಲ್ಲಿ ವಯೋವೃದ್ಧರ ಆರೈಕೆ ಕ್ಷೇತ್ರದ ವಿಚಾರಣೆಗೆ ರಾಯಲ್ ಕಮಿಷನ್ ಎಂಬ ಉನ್ನತ ತನಿಖಾ ಮಂಡಳಿ ನೇಮಕವಾಯಿತು. 2019ರ ಜನವರಿ 1ರಿಂದ ವಯೋವೃದ್ಧರ ಆರೈಕೆಯ ಗುಣಮಟ್ಟ ಮತ್ತು ಸುರಕ್ಷತಾ ಆಯೋಗ ಕೆಲಸ ಆರಂಭಿಸಿತು.

ರಾಯಲ್ ಕಮಿಷನ್ 2019ರಲ್ಲಿ ಕೊಟ್ಟ ಮಧ್ಯಂತರ ವರದಿಯ ಶೀರ್ಷಿಕೆಯೇ 'ನಿರ್ಲಕ್ಷ್ಯ'. 2021ರ ಮಾರ್ಚ್ 1ರಂದು ಪ್ರಕಟವಾದ ಅಂತಿಮ ವರದಿಯಲ್ಲಿ 148 ಶಿಫಾರಸುಗಳಿದ್ದವು. ವೃದ್ಧರ ಹಕ್ಕುಗಳನ್ನು ನಡುವೆ ಇಟ್ಟುಕೊಂಡ ಹೊಸ ಕಾಯ್ದೆ ಬೇಕು ಎಂಬುದು ಅವುಗಳಲ್ಲಿ ಮೊದಲನೆಯದು. 1997ರ ಕಾಯ್ದೆ ಬಹುಮಟ್ಟಿಗೆ ಸಂಸ್ಥೆಗಳಿಗೆ ಅನುದಾನ ಹಂಚುವ ಕಾಯ್ದೆಯಾಗಿತ್ತು. 2024ರ ಕಾಯ್ದೆ ಹಕ್ಕುಗಳ ಪಟ್ಟಿಯಿಂದ ಹೊರಟು ಸಂಸ್ಥೆಗಳ ಕರ್ತವ್ಯಕ್ಕೆ ಬರುತ್ತದೆ.

2. ಅನುಮೋದನೆಯಿಂದ ನೋಂದಣಿಗೆ

ಹಳೆಯ ವ್ಯವಸ್ಥೆಯಲ್ಲಿ ಅನುಮೋದನೆ ಪಡೆದ ಸಂಸ್ಥೆ, ಅದನ್ನು ರದ್ದುಪಡಿಸುವವರೆಗೆ ಅನುಮೋದಿತವಾಗಿಯೇ ಉಳಿಯುತ್ತಿತ್ತು. ಮನೆಯಲ್ಲೇ ಇರುವ ವೃದ್ಧರಿಗೆ ಸಣ್ಣಪುಟ್ಟ ನೆರವು ಕೊಡುವ ಕಾಮನ್‌ವೆಲ್ತ್ ಗೃಹಬೆಂಬಲ ಕಾರ್ಯಕ್ರಮದ ಸಂಸ್ಥೆಗಳಂತೂ ಅನುದಾನದ ಒಪ್ಪಂದದ ಮೇಲೆ ನಡೆಯುತ್ತಿದ್ದವು. ಈಗ ಸರ್ಕಾರದ ಹಣ ಪಡೆದು ಸೇವೆ ನೀಡುವ ಸಂಸ್ಥೆಗಳಿಗೆಲ್ಲ ಒಂದೇ ನೋಂದಣಿ ಪದ್ಧತಿ ಬಂದಿದೆ. ಅದರ ಅವಧಿ ಸಾಮಾನ್ಯವಾಗಿ 3 ವರ್ಷ.

ನೋಂದಣಿಯಲ್ಲಿ 6 ವರ್ಗಗಳಿವೆ: ಮನೆಗೆಲಸ, ಊಟ, ಸಾರಿಗೆಯಂಥ ಸೇವೆಗಳು ಮೊದಲನೆಯದು, ಸಹಾಯಕ ಸಾಧನಗಳು ಮತ್ತು ಮನೆಯ ಮಾರ್ಪಾಡು ಎರಡನೆಯದು, ಸಾಮಾಜಿಕ ಒಡನಾಟವೂ ಸೇರಿದ ಸಲಹೆ ಮತ್ತು ಬೆಂಬಲ ಮೂರನೆಯದು, ಮೈಕೈ ಆರೈಕೆ ನಾಲ್ಕನೆಯದು, ಶುಶ್ರೂಷೆ ಐದನೆಯದು, ವಸತಿ ಆರೈಕೆ ಆರನೆಯದು. ನಡತೆಯ ಸಂಹಿತೆ, ದೂರುಗಳ ನಿರ್ವಹಣೆ, ಸಿಬ್ಬಂದಿಯ ಹಿನ್ನೆಲೆ ಪರಿಶೀಲನೆ ಎಲ್ಲರಿಗೂ ಅನ್ವಯ. ಗುಣಮಟ್ಟದ ಮಾನದಂಡಗಳ ತಪಾಸಣೆ ಇರುವುದು ಕೊನೆಯ 3 ವರ್ಗಗಳಿಗೆ ಮಾತ್ರ. ನಾಲ್ಕನೆಯ ವರ್ಗಕ್ಕೆ ಮೊದಲ 4 ಮಾನದಂಡ, ಐದನೆಯದಕ್ಕೆ 5, ವಸತಿ ಆರೈಕೆಗೆ ಎಲ್ಲ 7. ಅಪಾಯ ಹೆಚ್ಚಿದಲ್ಲಿ ನಿಗಾ ಹೆಚ್ಚು ಎಂಬ ತತ್ತ್ವ ಇದರ ಹಿಂದಿದೆ.

3. ವರ್ಗ ಬದಲಾಗುವ ಗಡಿ

ಕಲ್ಪಿತ ನಿದರ್ಶನವೊಂದನ್ನು ನೋಡೋಣ. ಮೆಲ್ಬರ್ನ್‌ನ ಕನ್ನಡಿಗರ ಬಳಗವೊಂದು ಒಂಟಿಯಾಗಿರುವ ಹಿರಿಯರ ಮನೆಗೆ ವಾರಕ್ಕೆರಡು ದಿನ ಅನ್ನ, ಸಾರು, ಪಲ್ಯ ತಲುಪಿಸುವ ಸೇವೆಯನ್ನು ಸರ್ಕಾರದ ನೆರವಿನಲ್ಲಿ ನಡೆಸಲು ಬಯಸುತ್ತದೆ ಎಂದಿಟ್ಟುಕೊಳ್ಳಿ. ಇದು ಮೊದಲ ವರ್ಗದ ಕೆಲಸ. ಊಟ ಕೊಡಲು ಹೋದವರು ಹಿರಿಯರನ್ನು ಯುಗಾದಿ ಕೂಟಕ್ಕೆ ಕರೆದೊಯ್ದು ಜೊತೆಗಿರುವ ವ್ಯವಸ್ಥೆಯನ್ನೂ ಮಾಡಿದರೆ ಮೂರನೆಯ ವರ್ಗದ ಮಾತು ಬರುತ್ತದೆ. ಒಂದು ದಿನ ಅಜ್ಜಿಯೊಬ್ಬರು "ಸ್ವಲ್ಪ ಸ್ನಾನಕ್ಕೂ ಕೈಹಿಡೀತೀಯೇನಮ್ಮ?" ಎಂದು ಕೇಳುತ್ತಾರೆ. ಮಾನವೀಯವಾಗಿ ಇದು ಪುಟ್ಟ ಹೆಜ್ಜೆ. ಕಾನೂನಿನ ಕಣ್ಣಿನಲ್ಲಿ ಮಾತ್ರ ಬಳಗ ಆ ಸೇವೆಯನ್ನು ತನ್ನ ಕೆಲಸವಾಗಿ ಒಪ್ಪಿಕೊಂಡರೆ ನಾಲ್ಕನೆಯ ವರ್ಗಕ್ಕೆ, ಅಂದರೆ ಮಾನದಂಡಗಳ ತಪಾಸಣೆಗೆ ಒಳಪಟ್ಟ ವಲಯಕ್ಕೆ ಕಾಲಿಡುತ್ತದೆ. ಜಾರುವ ಬಚ್ಚಲು, ಬಿಸಿನೀರು, ಮೈಮೇಲಿನ ಹುಣ್ಣು, ಒಬ್ಬರೇ ಇರುವ ಕೋಣೆ: ಅಪಾಯ ಅಲ್ಲಿಂದ ಶುರುವಾಗುತ್ತದೆ.

ಆದ್ದರಿಂದ ಅರ್ಜಿ ತುಂಬುವ ಮೊದಲು ಸಂಸ್ಥೆ ಮಾಡಬೇಕಾದ ಕೆಲಸ, ತಾನು ವಾಸ್ತವವಾಗಿ ಏನು ಮಾಡುತ್ತಿದ್ದೇನೆ ಎಂದು ಒಂದೊಂದಾಗಿ ಬರೆದಿಡುವುದು. ಯಾವ ಕೋರಿಕೆಗೆ ಸಿಬ್ಬಂದಿ ಒಪ್ಪಬಹುದು, ಯಾವುದಕ್ಕೆ ಮೇಲಿನವರನ್ನು ಕೇಳಬೇಕು ಎಂಬುದು ಸೇವೆಗೆ ಹೋಗುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಕೆಲಸವನ್ನು ಬೇರೆ ಏಜೆನ್ಸಿಗೆ ವಹಿಸಿದರೂ ಹೊಣೆ ನೋಂದಾಯಿತ ಸಂಸ್ಥೆಯದ್ದೇ. ಒಪ್ಪಂದದಿಂದ ಕೆಲಸ ಹಸ್ತಾಂತರವಾಗಬಹುದು, ಹೊಣೆ ಆಗುವುದಿಲ್ಲ.

4. ಸ್ಥಿರವಾದದ್ದು, ಬದಲಾಗುವಂಥದ್ದು

ಸಂಸತ್ತು ಅಂಗೀಕರಿಸಿದ ಕಾಯ್ದೆಯನ್ನು ತಿದ್ದುವುದು ಸುಲಭವಲ್ಲ. ಸೇವೆಗಳ ಪಟ್ಟಿ, ವರ್ಗಗಳ ವಿವರ, ವರದಿ ಮಾಡುವ ವಿಧಾನಗಳಿರುವುದು ನಿಯಮಾವಳಿಯಲ್ಲಿ. ಅದನ್ನು ಬದಲಿಸುವುದು ಹೋಲಿಕೆಯಲ್ಲಿ ಸುಲಭ. ಈ ಎರಡು ಪದರಗಳನ್ನು ಕಲಸಿಕೊಂಡ ಸಂಸ್ಥೆ ಪ್ರತಿ ತಿದ್ದುಪಡಿಗೂ ಗಾಬರಿಗೊಳ್ಳುತ್ತದೆ.

ಇತ್ತೀಚಿನ ಚರಿತ್ರೆಯಲ್ಲೇ ಇದಕ್ಕೆ ಉದಾಹರಣೆಗಳಿವೆ. 2019ರ ಜುಲೈನಿಂದ ಇದ್ದ 8 ಮಾನದಂಡಗಳು ಈಗ 7 ಆಗಿವೆ. ವಸತಿ ಕೇಂದ್ರಗಳಲ್ಲಿ ತಲಾ ದಿನಕ್ಕೆ ಸರಾಸರಿ 200 ನಿಮಿಷ ಇದ್ದ ಆರೈಕೆಯ ಗುರಿ 2024ರ ಅಕ್ಟೋಬರ್‌ನಲ್ಲಿ 215 ನಿಮಿಷಕ್ಕೆ ಏರಿತು. ಅದರಲ್ಲಿ ನೋಂದಾಯಿತ ನರ್ಸ್‌ಗಳ ಪಾಲು 40ರಿಂದ 44 ನಿಮಿಷಕ್ಕೆ ಹೋಯಿತು. ಹೊಸ ಕಾಯ್ದೆಯ ಜಾರಿಯ ದಿನಾಂಕವೇ 2025ರ ಜುಲೈ 1ರಿಂದ ನವೆಂಬರ್ 1ಕ್ಕೆ ಮುಂದೂಡಿಕೆಯಾಯಿತು. ಅದು ಪ್ರಕಟವಾದದ್ದು ಜೂನ್ ಮೊದಲ ವಾರದಲ್ಲಿ, ಗಡುವಿಗೆ ತಿಂಗಳೂ ಉಳಿದಿರದಿದ್ದಾಗ.

ಇಷ್ಟೆಲ್ಲ ಬದಲಾವಣೆಯ ನಡುವೆ ಕದಲದ ಅಂಶವೊಂದಿದೆ. ಸಂಸ್ಥೆಯ ನಡವಳಿಕೆಯಿಂದ ವ್ಯಕ್ತಿಯ ಆರೋಗ್ಯ, ಸುರಕ್ಷತೆಗಳಿಗೆ ಕೇಡಾಗದಂತೆ ಸಾಧ್ಯವಿದ್ದಷ್ಟೂ ನೋಡಿಕೊಳ್ಳಬೇಕೆಂಬ ಶಾಸನಬದ್ಧ ಕರ್ತವ್ಯ ಕಾಯ್ದೆಯಲ್ಲೇ ಇದೆ. ಆಡಳಿತ ಮಂಡಳಿಯವರಂಥ ಜವಾಬ್ದಾರಿಯುತ ವ್ಯಕ್ತಿಗಳೂ ಇದರ ಬಗ್ಗೆ ಎಚ್ಚರ ವಹಿಸಬೇಕು. ಗಂಭೀರವಾಗಿ ತಪ್ಪಿದರೆ ಸಿವಿಲ್ ದಂಡ ಬೀಳಬಹುದು. ಕಡತಗಳನ್ನು ಮಾನದಂಡದ ಸಂಖ್ಯೆಗೆ ತಕ್ಕಂತೆ ಜೋಡಿಸಿಕೊಂಡ ಸಂಸ್ಥೆ 8 ಹೋಗಿ 7 ಬಂದಾಗ ಎಲ್ಲವನ್ನೂ ಮತ್ತೆ ಬರೆಯಬೇಕು. ಬಿದ್ದವರ ದಾಖಲೆ, ಔಷಧದ ದಾಖಲೆ, ದೂರಿನ ದಾಖಲೆ ಎಂದು ಕೆಲಸಕ್ಕೆ ತಕ್ಕಂತೆ ಜೋಡಿಸಿಕೊಂಡ ಸಂಸ್ಥೆ ಸೂಚಿಯನ್ನಷ್ಟೇ ಬದಲಿಸಿದರೆ ಸಾಕು.

5. ಸಾಕ್ಷ್ಯ ಎಲ್ಲಿ ಹುಟ್ಟುತ್ತದೆ

ಹೊಸ ಮಾನದಂಡಗಳಲ್ಲಿ ಆರನೆಯದು ಆಹಾರ ಮತ್ತು ಪೌಷ್ಟಿಕತೆಗೆಂದೇ ಮೀಸಲು. ವಸತಿ ಕೇಂದ್ರಗಳು ಒಬ್ಬರಿಗೆ ದಿನವೊಂದಕ್ಕೆ ಆಹಾರ ಸಾಮಗ್ರಿಗೆಂದು ಸರಾಸರಿ 6.08 ಡಾಲರ್ ಖರ್ಚು ಮಾಡುತ್ತಿದ್ದವು ಎಂದು 2017ರ ಅಧ್ಯಯನವೊಂದು ತೋರಿಸಿದಾಗ ಅಲ್ಲಿ ದೊಡ್ಡ ಚರ್ಚೆ ನಡೆದಿತ್ತು. ಈ ಮಾನದಂಡಕ್ಕೆ ಸಿದ್ಧವಾಗುವುದೆಂದರೆ ಸೊಗಸಾದ ಮೆನು ಮುದ್ರಿಸುವುದಲ್ಲ. ಮಧ್ಯಾಹ್ನದ ತಟ್ಟೆ ಅರ್ಧ ತುಂಬಿದ್ದಂತೆಯೇ ಅಡುಗೆಮನೆಗೆ ಮರಳಿದರೆ ಅದನ್ನು ಯಾರು ಗಮನಿಸುತ್ತಾರೆ, ಎಲ್ಲಿ ಬರೆಯುತ್ತಾರೆ? ತಟ್ಟೆ ಎರಡು ಮೂರು ದಿನ ಹಾಗೇ ಮರಳಿದರೆ ನರ್ಸ್‌ಗೆ ತಿಳಿಯುತ್ತದೆಯೇ? ತೂಕ ಇಳಿದದ್ದು ಕಂಡರೆ ಆಹಾರತಜ್ಞರಿಗೆ ಹೇಳುವವರು ಯಾರು? ದಂತಪಂಕ್ತಿ ಸಡಿಲವಾಗಿ ಅಗಿಯಲಾಗದಿರುವುದೇ ಕಾರಣವೋ, ರುಚಿ ಒಗ್ಗದಿರುವುದೋ ಎಂದು ಆ ವ್ಯಕ್ತಿಯನ್ನೇ ಕೇಳಲಾಗಿದೆಯೇ? ಈ ಸರಪಳಿಯ ಒಂದೊಂದು ಕೊಂಡಿಯೂ ಕೆಲಸದ ಹೊತ್ತಿನಲ್ಲೇ ದಾಖಲಾದರೆ ತಪಾಸಣೆಗೆಂದು ಬೇರೆ ಸಾಕ್ಷ್ಯ ತಯಾರಿಸುವ ಅಗತ್ಯ ಬೀಳುವುದಿಲ್ಲ. ಅನುದ್ದೇಶಿತ ತೂಕ ಇಳಿಕೆ 2019ರಿಂದಲೇ ವಸತಿ ಕೇಂದ್ರಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಸೂಚಕವಾಗಿದೆ. ಅಡುಗೆಮನೆಯ ಟಿಪ್ಪಣಿ ಅದಕ್ಕೂ ಆಧಾರವಾಗುತ್ತದೆ.

ಗಂಭೀರ ಘಟನೆಗಳ ವರದಿಗೂ ಇದೇ ಮಾತು. ಮೊದಲ ಆದ್ಯತೆಯ ಘಟನೆಯನ್ನು 24 ಗಂಟೆಯೊಳಗೆ, ಎರಡನೆಯ ಆದ್ಯತೆಯದನ್ನು 30 ದಿನದೊಳಗೆ ಗುಣಮಟ್ಟ ಮತ್ತು ಸುರಕ್ಷತಾ ಆಯೋಗಕ್ಕೆ ತಿಳಿಸಬೇಕು. ರಾತ್ರಿಪಾಳಿಯವರಿಗೆ ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಕಚೇರಿಯಲ್ಲಿರುವ ಕೈಪಿಡಿಯಿಂದ ಪ್ರಯೋಜನವಿಲ್ಲ.

ಹಕ್ಕುಗಳ ಪಟ್ಟಿಯಲ್ಲಿ ತನಗೆ ಬೇಕಾದ ಭಾಷೆಯಲ್ಲಿ ಸಂವಹನ ನಡೆಸುವ, ಅಗತ್ಯವಿದ್ದರೆ ದುಭಾಷಿಯ ನೆರವು ಪಡೆಯುವ ಹಕ್ಕೂ ಸೇರಿದೆ. ಮಕ್ಕಳೊಡನೆ ಇರಲು ಹೋಗಿ ಅಲ್ಲೇ ನೆಲೆಸಿದ ಕನ್ನಡ ತಂದೆತಾಯಿಗಳಿಗೆ ಇದು ನೇರವಾಗಿ ತಟ್ಟುವ ವಿಷಯ. ಮರೆವಿನ ಕಾಯಿಲೆಯಲ್ಲಿ ನಂತರ ಕಲಿತ ಇಂಗ್ಲಿಷ್ ಮೊದಲು ಜಾರಿ ತಾಯ್ನುಡಿ ಉಳಿಯುವುದುಂಟು. ಅಂಥವರಿಗೆ ನೋವು ಎಲ್ಲಿದೆ ಎಂದು ಹೇಳಿಕೊಳ್ಳುವ ಭಾಷೆಯೇ ಸುರಕ್ಷತೆಯ ಪ್ರಶ್ನೆ. ಹೆಸರು ಬರೆಸುವ ದಿನವೇ ಭಾಷೆಯನ್ನೂ ಬರೆದುಕೊಂಡು, ಪಾಳಿ ಹಂಚುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಸಂಸ್ಥೆ ಹಕ್ಕನ್ನು ಕಾರ್ಯರೂಪಕ್ಕೆ ತಂದಂತೆ.

6. ಉಪಸಂಹಾರ

ಹಳೆಯ ಕಾಯ್ದೆಯಡಿ ಕೆಲಸ ಮಾಡುತ್ತಿದ್ದ ಸಂಸ್ಥೆಗಳನ್ನು ಅವುಗಳ ಸೇವೆಗೆ ತಕ್ಕ ವರ್ಗಗಳಲ್ಲಿ ನೋಂದಾಯಿತವೆಂದೇ ಪರಿಗಣಿಸಲಾಗಿದೆ. ನವೀಕರಣ ಹಂತಹಂತವಾಗಿ ಬರುತ್ತದೆ. ಗೃಹಬೆಂಬಲ ಕಾರ್ಯಕ್ರಮ 2027ರ ಜುಲೈಗೆ ಮೊದಲು ಮನೆಯಲ್ಲೇ ಆರೈಕೆ ಒದಗಿಸುವ ಹೊಸ 'ಸಪೋರ್ಟ್ ಅಟ್ ಹೋಮ್' ಯೋಜನೆಯಲ್ಲಿ ವಿಲೀನವಾಗುವುದಿಲ್ಲ. ಅಂದರೆ ಬದಲಾವಣೆ ಇನ್ನೂ ನಡೆಯುತ್ತಲೇ ಇರುತ್ತದೆ. ಹೊಸದಾಗಿ ನೋಂದಾಯಿಸಿಕೊಳ್ಳುವವರು ಸೇವೆಯ ಗಡಿಯನ್ನು ಸ್ಪಷ್ಟಪಡಿಸಿಕೊಳ್ಳುವುದು, ದಾಖಲೆಯನ್ನು ಕೆಲಸದೊಡನೆ ಬೆಸೆಯುವುದು, ನಿಯಮಾವಳಿಯ ತಿದ್ದುಪಡಿಗಳನ್ನು ಗಮನಿಸಲು ಒಬ್ಬರನ್ನು ಹೆಸರಿಟ್ಟು ನೇಮಿಸುವುದು: ಈ ಮೂರನ್ನು ಮಾಡಿದರೆ ಮುಂದಿನ ತಿದ್ದುಪಡಿಗೆ ಅಂಜಬೇಕಿಲ್ಲ. ಸಣ್ಣ ಸಮುದಾಯ ಸಂಸ್ಥೆಗಳಿಗೆ ಈ ಹೊರೆ ಭಾರವೆಂಬುದು ನಿಜ. ಹಾಗಾದಾಗ ಆರಂಭದಲ್ಲಿ ಕಡಿಮೆ ವರ್ಗಗಳಿಗೆ ಅರ್ಜಿ ಹಾಕಿ, ಅವನ್ನು ಚೆನ್ನಾಗಿ ನಿಭಾಯಿಸಿದ ಮೇಲೆ ಮುಂದಿನದಕ್ಕೆ ಹೋಗುವುದು ವಿವೇಕ. ತಪಾಸಣೆಯಲ್ಲಿ ತೇರ್ಗಡೆಯಾಗಿಯೂ ಓಕ್‌ಡೆನ್ ಸೋತದ್ದು ಕಾಗದ ಮತ್ತು ಆರೈಕೆಯ ನಡುವಿನ ಅಂತರದಲ್ಲಿ. ಹೊಸ ಕಾಯ್ದೆ ಗೆಲ್ಲುವುದೋ ಇಲ್ಲವೋ ಎಂಬುದು ಆ ಅಂತರವನ್ನು ಸಂಸ್ಥೆಗಳು ಎಷ್ಟರಮಟ್ಟಿಗೆ ಮುಚ್ಚುತ್ತವೆ ಎಂಬುದರ ಮೇಲೆ ನಿಂತಿದೆ.