ಇನ್‌ಫೀಲ್ಡ್ ಫ್ಲೈ ನಿಯಮ

ಇನ್‌ಫೀಲ್ಡ್ ಫ್ಲೈ ನಿಯಮ: ಬೇಸ್‌ಬಾಲ್‌ನಲ್ಲಿ ಇನ್‌ಫೀಲ್ಡರ್ ಸಹಜ ಪ್ರಯತ್ನದಿಂದ ಹಿಡಿಯಬಹುದಾದ ಎತ್ತರದ ಹೊಡೆತಕ್ಕೆ, ಕ್ಯಾಚ್ ಆಗಲಿ ಬಿಡಲಿ, ಅಂಪೈರ್ ಬ್ಯಾಟರ್‌ನನ್ನು ಔಟ್ ಎಂದು ಸಾರುವ ನಿಯಮ. ಇಬ್ಬರು ಔಟಾಗುವ ಮುನ್ನ, ಮೊದಲ ಎರಡು ಬೇಸ್‌ಗಳಲ್ಲಿ ಅಥವಾ ಮೂರೂ ಬೇಸ್‌ಗಳಲ್ಲಿ ಓಟಗಾರರಿದ್ದಾಗ ಮಾತ್ರ ಇದು ಅನ್ವಯಿಸುತ್ತದೆ. ಲೈನ್ ಡ್ರೈವ್ ಮತ್ತು ಬಂಟ್ ಹೊಡೆತಗಳು ಇದರ ವ್ಯಾಪ್ತಿಗೆ ಸೇರವು.

ಕ್ಯಾಚ್ ಆದೀತೆಂದು ಬೇಸ್ ಬಿಡದೆ ನಿಂತ ಓಟಗಾರರನ್ನು, ಚೆಂಡನ್ನು ಬೇಕೆಂದೇ ಕೈಬಿಟ್ಟು ಒಟ್ಟಿಗೆ ಔಟ್ ಮಾಡುವ ತಂತ್ರವನ್ನು ತಡೆಯಲು ಅಮೆರಿಕದ ನ್ಯಾಷನಲ್ ಲೀಗ್ 1895ರಲ್ಲಿ ಈ ನಿಯಮವನ್ನು ತಂದಿತು.

ಚೆಂಡು ಗಾಳಿಯಲ್ಲಿರುವಾಗಲೇ ಅಂಪೈರ್ ಬೆರಳೆತ್ತಿ ತೀರ್ಪು ಕೂಗುತ್ತಾರೆ. ಚೆಂಡು ಫೌಲ್ ಗೆರೆಯ ಸಮೀಪವಿದ್ದರೆ ತೀರ್ಪಿಗೆ ‘ಫೇರ್ ಆದರೆ’ ಎಂಬ ಷರತ್ತು ಸೇರುತ್ತದೆ. ಚೆಂಡು ಫೌಲ್ ಆದರೆ ತೀರ್ಪು ರದ್ದಾಗುತ್ತದೆ. ಬ್ಯಾಟರ್ ಔಟಾದರೂ ಆಟ ನಿಲ್ಲದು. ಓಟಗಾರರು ಮುಂದಿನ ಬೇಸ್‌ಗೆ ಓಡಲೇಬೇಕಿಲ್ಲ, ತಮ್ಮ ಹೊಣೆಯಲ್ಲಿ ಓಡಬಹುದು. ಕ್ಯಾಚ್ ಆದರೆ ತಮ್ಮ ಬೇಸ್ ಮುಟ್ಟಿಯೇ ಹೊರಡಬೇಕು. ಮುಂದಕ್ಕೆ ಓಡುವವರನ್ನು ಔಟ್ ಮಾಡಲು ಬೇಸ್ ಮುಟ್ಟಿದರೆ ಸಾಲದು, ಚೆಂಡಿನಿಂದ ಅವರನ್ನೇ ಮುಟ್ಟಬೇಕು.

ಚೆಂಡು ಬೀಳುವ ಜಾಗವಲ್ಲ, ಹಿಡಿಯುವ ಪ್ರಯತ್ನದ ಸುಲಭತೆಯೇ ಮಾನದಂಡ. ಅದನ್ನು ಅಳೆಯುವ ವಿವೇಚನೆ ಅಂಪೈರ್‌ಗೆ ಬಿಟ್ಟದ್ದು. 2012ರ ಅಕ್ಟೋಬರ್ 5ರಂದು ಅಟ್ಲಾಂಟ ಬ್ರೇವ್ಸ್ ಮತ್ತು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಗಳ ವೈಲ್ಡ್ ಕಾರ್ಡ್ ಪಂದ್ಯದಲ್ಲಿ, ಎಡ ಔಟ್‌ಫೀಲ್ಡ್‌ನಲ್ಲಿ ಬಿದ್ದ ಚೆಂಡಿಗೆ ಅಂಪೈರ್ ಸ್ಯಾಮ್ ಹೋಲ್‌ಬ್ರೂಕ್ ಈ ತೀರ್ಪು ನೀಡಿದರು. ಪ್ರೇಕ್ಷಕರು ಮೈದಾನಕ್ಕೆ ವಸ್ತುಗಳನ್ನೆಸೆದು ಆಟ ಸ್ಥಗಿತಗೊಂಡಿತು. ಬ್ರೇವ್ಸ್ ಸಲ್ಲಿಸಿದ ಆಕ್ಷೇಪ ತಿರಸ್ಕೃತವಾಗಿ ಕಾರ್ಡಿನಲ್ಸ್ 6-3ರಿಂದ ಗೆದ್ದಿತು.