ಯಾದಗಿರಿ ಜಿಲ್ಲೆಯಲ್ಲಿ ಉದ್ಯೋಗ ಭದ್ರತೆ

ಉದ್ಯೋಗ ಭದ್ರತೆ ಎಂದರೆ ಕೆಲಸದಲ್ಲಿರುವ ವ್ಯಕ್ತಿಯು ಸಕಾರಣವಿಲ್ಲದೆ ಅದನ್ನು ಕಳೆದುಕೊಳ್ಳುವುದಿಲ್ಲ ಎಂಬ ಭರವಸೆ. ಕಲ್ಯಾಣ ಕರ್ನಾಟಕದ ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗಗಳಲ್ಲಿ ಈ ಭರವಸೆಯು ಮಾಡುವ ಕೆಲಸಕ್ಕಿಂತ ಹೆಚ್ಚಾಗಿ ನೇಮಕವಾದ ರೀತಿಯನ್ನು ಅವಲಂಬಿಸಿದೆ. ಒಂದೇ ಶಾಲೆಯಲ್ಲಿ ಒಂದೇ ತರಗತಿಗೆ ಪಾಠ ಹೇಳುವ ಇಬ್ಬರಲ್ಲಿ ಒಬ್ಬರಿಗೆ ಸಂವಿಧಾನದ ರಕ್ಷಣೆ ಇರುತ್ತದೆ. ಮತ್ತೊಬ್ಬರ ಕೆಲಸ ಶೈಕ್ಷಣಿಕ ವರ್ಷದೊಂದಿಗೆ ಮುಗಿಯುತ್ತದೆ. ಜಿಲ್ಲೆಯ ಬಹುಸಂಖ್ಯಾತರಾದ ಕೃಷಿ ಕಾರ್ಮಿಕರು ಮತ್ತು ವಲಸೆ ಕಾರ್ಮಿಕರು ಈ ಎರಡೂ ವರ್ಗಗಳಿಗೆ ಸೇರುವುದಿಲ್ಲ.

ಹಿನ್ನೆಲೆ

ಈ ಪ್ರದೇಶವು ಹೈದರಾಬಾದ್ ಸಂಸ್ಥಾನದ ಗುಲಬರ್ಗಾ ಜಿಲ್ಲೆಗೆ ಸೇರಿತ್ತು. ಸಂಸ್ಥಾನದ ಸರ್ಕಾರಿ ನೌಕರಿಗಳಲ್ಲಿ ಸ್ಥಳೀಯರಿಗೆ ಆದ್ಯತೆ ನೀಡುವ ಮುಲ್ಕಿ ನಿಯಮವನ್ನು ನಿಜಾಮರು 1919ರಲ್ಲಿ ಹೊರಡಿಸಿದರು. 1948ರ ಸೆಪ್ಟೆಂಬರ್ 17ರ ವಿಮೋಚನೆಯ ನಂತರ, 1956ರ ನವೆಂಬರ್ 1ರಂದು ಈ ಭಾಗವು ಅಂದಿನ ಮೈಸೂರು ರಾಜ್ಯದಲ್ಲಿ ಸೇರ್ಪಡೆಯಾಯಿತು. 2009ರ ಡಿಸೆಂಬರ್ 30ರಂದು ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲೂಕುಗಳನ್ನು ಒಳಗೊಂಡ ಹೊಸ ಜಿಲ್ಲೆ ಅಸ್ತಿತ್ವಕ್ಕೆ ಬಂದಿತು. ಮುಂದೆ ಗುರುಮಠಕಲ್, ವಡಗೇರಾ ಮತ್ತು ಹುಣಸಗಿ ತಾಲೂಕುಗಳೂ ರಚನೆಯಾದವು. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 11,74,271. ಸಾಕ್ಷರತೆಯಲ್ಲಿ ಜಿಲ್ಲೆಯು ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿತ್ತು. ದೊಡ್ಡ ಕೈಗಾರಿಕೆಗಳು ಕಡಿಮೆ ಇರುವುದರಿಂದ ಓದಿದವರ ಪಾಲಿಗೆ ಸ್ಥಿರವಾದ ಕೆಲಸವೆಂದರೆ ಬಹುಮಟ್ಟಿಗೆ ಸರ್ಕಾರಿ ನೌಕರಿಯೇ ಆಗಿದೆ.

ಕಾನೂನಿನ ಚೌಕಟ್ಟು

ಖಾಯಂ ಸರ್ಕಾರಿ ನೌಕರರಿಗೆ ಸಂವಿಧಾನದ 311ನೇ ವಿಧಿಯ ರಕ್ಷಣೆ ಇದೆ. ಆರೋಪವನ್ನು ತಿಳಿಸಿ, ವಿಚಾರಣೆ ನಡೆಸಿ, ಉತ್ತರ ಹೇಳಲು ಅವಕಾಶ ಕೊಡದೆ ಸಾಮಾನ್ಯವಾಗಿ ಅವರನ್ನು ವಜಾ ಮಾಡುವಂತಿಲ್ಲ.

ಖಾಸಗಿ ಉದ್ಯಮದ ಕಾರ್ಮಿಕರಿಗೆ ದೀರ್ಘಕಾಲ ಅನ್ವಯವಾಗಿದ್ದುದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ. ವರ್ಷದಲ್ಲಿ 240 ದಿನ ದುಡಿದ ಕಾರ್ಮಿಕನನ್ನು ಶಿಸ್ತುಕ್ರಮವಲ್ಲದ ಕಾರಣಕ್ಕೆ ತೆಗೆಯುವಾಗ ಒಂದು ತಿಂಗಳ ನೋಟಿಸ್ ಹಾಗೂ ಪ್ರತಿ ವರ್ಷದ ಸೇವೆಗೆ 15 ದಿನಗಳ ವೇತನವನ್ನು ಪರಿಹಾರವಾಗಿ ಕೊಡಬೇಕೆಂದು ಅದು ವಿಧಿಸಿತ್ತು. 100 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳು ಇದಕ್ಕೆ ಸರ್ಕಾರದ ಪೂರ್ವಾನುಮತಿ ಪಡೆಯಬೇಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಈ ಮಿತಿಯನ್ನು 300ಕ್ಕೆ ಏರಿಸಿತು.

ದಿನಗೂಲಿ ನೌಕರರ ವಿಚಾರದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ತೀರ್ಪುಗಳು ಕರ್ನಾಟಕದ ಪ್ರಕರಣಗಳಿಂದಲೇ ಬಂದಿವೆ. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಸಂಘ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1990ರಲ್ಲಿ ದೀರ್ಘಕಾಲ ದುಡಿದವರನ್ನು ಹಂತಹಂತವಾಗಿ ಖಾಯಂ ಮಾಡುವ ಯೋಜನೆಯನ್ನು ಅಂಗೀಕರಿಸಿತು. 2006ರ ಏಪ್ರಿಲ್ 10ರಂದು ಐವರು ನ್ಯಾಯಮೂರ್ತಿಗಳ ಪೀಠವು ಉಮಾದೇವಿ ಪ್ರಕರಣದಲ್ಲಿ ಭಿನ್ನ ದಾರಿ ಹಿಡಿಯಿತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳಿಂದ ಆರಂಭವಾದ ಈ ಪ್ರಕರಣದಲ್ಲಿ, ನಿಯಮದಂತೆ ಆಯ್ಕೆಯಾಗದವರಿಗೆ ಎಷ್ಟೇ ವರ್ಷ ದುಡಿದರೂ ಖಾಯಂಗೊಳ್ಳುವ ಹಕ್ಕು ಹುಟ್ಟುವುದಿಲ್ಲ ಎಂದು ಅದು ಹೇಳಿತು. ಮಂಜೂರಾದ ಹುದ್ದೆಗಳಲ್ಲಿ ನ್ಯಾಯಾಲಯದ ಆದೇಶದ ನೆರವಿಲ್ಲದೆ ಹತ್ತು ವರ್ಷ ಪೂರೈಸಿದ ಅರ್ಹರಿಗೆ ಮಾತ್ರ ಒಂದು ಬಾರಿಯ ಅವಕಾಶ ನೀಡಿತು.

371(ಜೆ) ವಿಧಿಯ ಪರಿಣಾಮ

ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಸೇರಿದ 371(ಜೆ) ವಿಧಿಯ ಅಡಿಯಲ್ಲಿ 2013ರಲ್ಲಿ ಸ್ಥಳೀಯ ಮೀಸಲಾತಿ ಜಾರಿಗೆ ಬಂದಿತು. ಈ ಪ್ರದೇಶದ ಸರ್ಕಾರಿ ಹುದ್ದೆಗಳಲ್ಲಿ ಗ್ರೂಪ್ ಎ ಮತ್ತು ಬಿ ವೃಂದಗಳಲ್ಲಿ ಶೇ. 75, ಗ್ರೂಪ್ ಸಿ ವೃಂದದಲ್ಲಿ ಶೇ. 80 ಹಾಗೂ ಗ್ರೂಪ್ ಡಿ ವೃಂದದಲ್ಲಿ ಶೇ. 85ರಷ್ಟು ಹುದ್ದೆಗಳು ಸ್ಥಳೀಯರಿಗೆ ಮೀಸಲಾಗಿವೆ. ಇದರಿಂದ ಶಿಕ್ಷಕ, ಪೊಲೀಸ್ ಮತ್ತು ಕಂದಾಯ ಇಲಾಖೆಯ ಹುದ್ದೆಗಳು ಜಿಲ್ಲೆಯ ಯುವಜನರಿಗೆ ಹೆಚ್ಚು ಎಟುಕುವಂತಾದವು.

ಆದರೆ ಈ ಮೀಸಲಾತಿಯು ಮಂಜೂರಾದ ಹುದ್ದೆಗಳ ನೇಮಕಾತಿಗೆ ಸಂಬಂಧಿಸಿದ್ದು. ಸ್ವಚ್ಛತೆ, ಕಾವಲು, ವಾಹನ ಚಾಲನೆಯಂತಹ ಕೆಲಸಗಳನ್ನು ಹೊರಗುತ್ತಿಗೆ ಏಜೆನ್ಸಿಗೆ ವಹಿಸಿದಲ್ಲಿ ಕೆಲಸಗಾರರು ಸ್ಥಳೀಯರೇ ಆಗಿದ್ದರೂ ಹುದ್ದೆಯ ಭದ್ರತೆ ಅವರಿಗೆ ದೊರೆಯುವುದಿಲ್ಲ. ಹೆಚ್ಚಿನ ಪ್ರಮಾಣದ ಮೀಸಲಾತಿ ಇರುವ ಗ್ರೂಪ್ ಡಿ ಮಟ್ಟದಲ್ಲೇ ಹೊರಗುತ್ತಿಗೆಯೂ ವ್ಯಾಪಕವಾಗಿರುವುದು ಈ ವ್ಯವಸ್ಥೆಯ ಮುಖ್ಯ ವೈರುಧ್ಯವಾಗಿದೆ.

ವಿವಿಧ ವೃತ್ತಿಗಳಲ್ಲಿ

ಖಾಯಂ ನೌಕರರು: ಕೆಲಸ ಕಳೆದುಕೊಳ್ಳುವ ಭಯ ಈ ವರ್ಗಕ್ಕೆ ಕಡಿಮೆ. 2006ರ ಏಪ್ರಿಲ್ 1ರಂದು ಅಥವಾ ಅನಂತರ ಸೇವೆಗೆ ಸೇರಿದವರು ಹಳೆಯ ನಿಶ್ಚಿತ ಪಿಂಚಣಿಯ ಬದಲು ಹೊಸ ಪಿಂಚಣಿ ಯೋಜನೆಗೆ ಒಳಪಟ್ಟಿದ್ದರಿಂದ, ಅವರ ಆತಂಕವು ನೌಕರಿಯ ಕುರಿತಾದುದಕ್ಕಿಂತ ನಿವೃತ್ತಿಯ ನಂತರದ ಬದುಕಿನ ಕುರಿತಾದುದು.

ಅತಿಥಿ ಶಿಕ್ಷಕರು ಮತ್ತು ಉಪನ್ಯಾಸಕರು: ಖಾಲಿ ಹುದ್ದೆಗಳಿರುವ ಶಾಲೆ, ಕಾಲೇಜುಗಳಲ್ಲಿ ಪಾಠಗಳು ಇವರಿಂದಲೇ ನಡೆಯುತ್ತವೆ. ರಜೆಯ ತಿಂಗಳುಗಳಿಗೆ ಗೌರವಧನ ಇರುವುದಿಲ್ಲ. ಖಾಯಂ ಶಿಕ್ಷಕರು ವರ್ಗಾವಣೆಯಾಗಿ ಬಂದರೆ ಸ್ಥಾನ ತೆರವು ಮಾಡಬೇಕಾಗುತ್ತದೆ. 2022ರ ಜನವರಿಯಲ್ಲಿ ಸರ್ಕಾರವು ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರ ಗೌರವಧನವನ್ನು ಅರ್ಹತೆ ಮತ್ತು ಸೇವಾವಧಿಗೆ ಅನುಗುಣವಾಗಿ 26,000ದಿಂದ 32,000 ರೂಪಾಯಿಗಳವರೆಗೆ ಹೆಚ್ಚಿಸಿತು. ಅದೇ ವೇಳೆ ವಾರದ ಕಾರ್ಯಭಾರವನ್ನು 15 ಗಂಟೆಗೆ ಏರಿಸಿದ್ದರಿಂದ, ಇದ್ದ ಪಾಠಗಳು ಕಡಿಮೆ ಜನರಿಗೆ ಹಂಚಿಕೆಯಾಗಿ ರಾಜ್ಯದಾದ್ಯಂತ ಹಲವರು ಅವಕಾಶ ಕಳೆದುಕೊಂಡರು.

ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು: ಇವರ ಕೆಲಸ ವರ್ಷವಿಡೀ ನಡೆದರೂ ಸಂಭಾವನೆಯನ್ನು ವೇತನವೆನ್ನದೆ ಗೌರವಧನವೆನ್ನಲಾಗುತ್ತದೆ. ಕರ್ನಾಟಕದ ಅಮೀರ್‌ಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಅಂಗನವಾಡಿ ಕಾರ್ಯಕರ್ತೆಯರದು ನಾಗರಿಕ ಸೇವೆಯ ಹುದ್ದೆಯಲ್ಲ ಎಂದು ತೀರ್ಪಿತ್ತಿತು. 2022ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಲಯವು ಗುಜರಾತಿನ ಪ್ರಕರಣವೊಂದರಲ್ಲಿ ಅವರಿಗೆ ಉಪದಾನ, ಅಂದರೆ ಗ್ರಾಚ್ಯುಟಿ, ಪಡೆಯುವ ಹಕ್ಕಿದೆ ಎಂದು ಹೇಳಿತು.

ಪೌರಕಾರ್ಮಿಕರು: ನಗರ ಸ್ಥಳೀಯ ಸಂಸ್ಥೆಗಳ ಸ್ವಚ್ಛತಾ ಕೆಲಸ ಬಹುಕಾಲ ಗುತ್ತಿಗೆದಾರರ ಕೈಯಲ್ಲಿತ್ತು. ಹೋರಾಟಗಳ ಬಳಿಕ ಗುತ್ತಿಗೆ ಪದ್ಧತಿಯ ಬದಲು ನೇರ ಪಾವತಿ ವ್ಯವಸ್ಥೆ ಬಂದಿತು. ಸಂಬಳ ಗುತ್ತಿಗೆದಾರನ ಬದಲು ಸ್ಥಳೀಯ ಸಂಸ್ಥೆಯಿಂದಲೇ ಬ್ಯಾಂಕ್ ಖಾತೆಗೆ ಜಮೆಯಾಗುವುದು ಇವರ ಪಾಲಿಗೆ ಭದ್ರತೆಯ ಮೊದಲ ಹಂತವಾಯಿತು. 2022ರ ಜುಲೈನ ಮುಷ್ಕರದ ನಂತರ ಸರ್ಕಾರವು ಖಾಯಮಾತಿಯ ಭರವಸೆ ನೀಡಿತು. ಕಸದ ವಾಹನಗಳ ಚಾಲಕರು ಮತ್ತು ಲೋಡರ್‌ಗಳು ತಮ್ಮನ್ನೂ ಈ ವ್ಯವಸ್ಥೆಗೆ ಸೇರಿಸಬೇಕೆಂದು ಬೇಡಿಕೆ ಮುಂದಿಟ್ಟರು.

ಸಾರಿಗೆ ನೌಕರರು: 2000ದಲ್ಲಿ ಸ್ಥಾಪನೆಯಾದ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮವು ಈಗ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವಾಗಿದೆ. ಇದರ ಚಾಲಕರು ಮತ್ತು ನಿರ್ವಾಹಕರು ನಿಗಮದ ನೌಕರರಾದ್ದರಿಂದ 311ನೇ ವಿಧಿ ಅವರಿಗೆ ಅನ್ವಯಿಸುವುದಿಲ್ಲ. 2021ರ ಏಪ್ರಿಲ್‌ನ ರಾಜ್ಯವ್ಯಾಪಿ ಮುಷ್ಕರದ ಸಂದರ್ಭದಲ್ಲಿ ಸಾರಿಗೆ ನಿಗಮಗಳಲ್ಲಿ ತರಬೇತಿ ಅವಧಿಯಲ್ಲಿದ್ದವರು ಮೊದಲು ವಜಾ ಆದೇಶಗಳನ್ನು ಎದುರಿಸಿದರು.

ಕೃಷಿ ಕಾರ್ಮಿಕರು ಮತ್ತು ಹಮಾಲರು: ಕೃಷ್ಣಾ ನದಿಯ ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆಯು ಸುರಪುರ, ಶಹಾಪುರ ಭಾಗಗಳಿಗೆ ನೀರುಣಿಸುತ್ತದೆ. ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುವ ಅಚ್ಚುಕಟ್ಟು ಪ್ರದೇಶದಲ್ಲಿ ಎರಡನೆಯ ಬೆಳೆಗೆ ನೀರು ಬಿಡುವ ತೀರ್ಮಾನವೇ ಮುಂದಿನ ತಿಂಗಳುಗಳ ಕೂಲಿಯನ್ನೂ ನಿರ್ಧರಿಸುತ್ತದೆ. ಹತ್ತಿ ಬಿಡಿಸುವ ಮಹಿಳೆಯರಿಗೆ ತೂಕದ ಮೇಲೆ ಮತ್ತು ಮಾರುಕಟ್ಟೆಯ ಹಮಾಲರಿಗೆ ಚೀಲದ ಲೆಕ್ಕದಲ್ಲಿ ಕೂಲಿ ಸಿಗುತ್ತದೆ. ಇವರನ್ನು ಕೆಲಸದಿಂದ ಯಾರೂ ವಜಾ ಮಾಡುವುದಿಲ್ಲ. ಮಾಲು ಬಾರದ ದಿನ ಕೂಲಿ ಇರುವುದಿಲ್ಲ.

ವಲಸೆ ಕಾರ್ಮಿಕರು: ಮಳೆಯಾಶ್ರಿತ ಹಳ್ಳಿಗಳಿಂದ ಸುಗ್ಗಿಯ ನಂತರ ಕುಟುಂಬಗಳು ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಗಳಿಗೆ ಗುಳೆ ಹೋಗುತ್ತವೆ. ಮೇಸ್ತ್ರಿಯಿಂದ ಪಡೆದ ಮುಂಗಡವು ಕೆಲಸದ ಖಾತರಿಯೂ ಹೌದು, ತೀರುವವರೆಗೆ ಬಿಟ್ಟುಹೋಗದಂತೆ ಕಟ್ಟುವ ಸಾಲವೂ ಹೌದು. ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾಯ್ದೆಯು ರಾಜ್ಯದ ಗಡಿ ದಾಟಿದವರಿಗಷ್ಟೇ ಸಂಬಂಧಿಸಿದ್ದರಿಂದ ಬೆಂಗಳೂರಿಗೆ ಹೋದವರು ಅದರ ವ್ಯಾಪ್ತಿಗೆ ಬರಲಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಮೇಲಿಂದ ಮೇಲೆ ಕೆಲಸದ ಜಾಗ ಬದಲಿಸುವವರಿಗೆ ಇದನ್ನು ದಾಖಲೆಯಿಂದ ತೋರಿಸುವುದು ಕಷ್ಟ.

ಉದ್ಯೋಗ ಖಾತರಿ

2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯು ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸವನ್ನು ಹಕ್ಕಾಗಿಸಿತು. 2006ರ ಫೆಬ್ರವರಿಯಲ್ಲಿ ಆರಂಭವಾದ ಮೊದಲ ಹಂತದ 200 ಜಿಲ್ಲೆಗಳಲ್ಲಿ ಅವಿಭಜಿತ ಗುಲಬರ್ಗಾ ಜಿಲ್ಲೆಯೂ ಒಂದಾಗಿತ್ತು. 2020ರ ಲಾಕ್‌ಡೌನ್ ಕಾಲದಲ್ಲಿ ನಗರಗಳಿಂದ ಮರಳಿದ ಕುಟುಂಬಗಳಿಗೆ ಈ ಯೋಜನೆ ಊರಿನಲ್ಲೇ ಕೂಲಿ ಒದಗಿಸಿತು. ಇದು ಹುದ್ದೆಯ ಭದ್ರತೆಯಲ್ಲ, ದಿನಗಳ ಭದ್ರತೆ.

ಅನುಭವದ ಭಿನ್ನತೆ

ಒಂದೇ ಪದವು ಬೇರೆಬೇರೆ ದುಡಿಮೆಗಾರರಿಗೆ ಬೇರೆಬೇರೆ ಅರ್ಥ ಕೊಡುತ್ತದೆ. ಖಾಯಂ ನೌಕರರಿಗೆ ಅದು ಪಿಂಚಣಿ. ಅತಿಥಿ ಶಿಕ್ಷಕರಿಗೆ ಜೂನ್ ತಿಂಗಳ ಮರುನೇಮಕ. ಪೌರಕಾರ್ಮಿಕರಿಗೆ ತಪ್ಪದೆ ಜಮೆಯಾಗುವ ಸಂಬಳ. ಕೂಲಿಕಾರರಿಗೆ ಕಾಲುವೆಯ ನೀರು. ಗುಳೆ ಹೋಗುವವರಿಗೆ ಮಾಡಿದ ಕೆಲಸದ ಪೂರ್ತಿ ಲೆಕ್ಕ. ಹಕ್ಕು ಕೇಳುವ ಶಕ್ತಿಯೂ ಇದೇ ಕ್ರಮದಲ್ಲಿ ಕುಗ್ಗುತ್ತದೆ. ಕಲಬುರಗಿಯಲ್ಲಿ 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಖಾಯಂ ಆದ ಹೈಕೋರ್ಟ್ ಪೀಠವು ಜಿಲ್ಲೆಯ ನೌಕರರಿಗೆ ನ್ಯಾಯಾಲಯವನ್ನು ಹತ್ತಿರ ತಂದಿತು. ನೇಮಕಾತಿ ಆದೇಶವಾಗಲಿ ಹಾಜರಿ ಪುಸ್ತಕವಾಗಲಿ ಇಲ್ಲದ ಕಾರ್ಮಿಕರಿಗೆ, ತಾವು ಅಲ್ಲಿ ದುಡಿದಿದ್ದೆವು ಎಂಬುದನ್ನು ಸಾಬೀತುಪಡಿಸುವುದೇ ಮೊದಲ ಅಡ್ಡಿಯಾಗಿ ಉಳಿದಿದೆ.