ಎಕ್ಸ್‌ಪೆಡೈಟ್: ಕಾಲಿನ ಕಟ್ಟು ಬಿಚ್ಚುವ ಪದ

ಈ ಸಲದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಬರೆದು ಹಾಕಿದ್ದೀನಿ. ಮೆಟ್ರೋದಲ್ಲಿ ರಾಯದುರ್ಗದ ಕಡೆ ಹೋಗ್ತಾ ಓದುವವರಿಗೆ ಅನುಕೂಲ ಆಗಲಿ ಅಂತ.

ಇವತ್ತಿನ ವಿಷಯ ಒಂದೇ ಒಂದು ಇಂಗ್ಲಿಷ್ ಕ್ರಿಯಾಪದ: ಎಕ್ಸ್‌ಪೆಡೈಟ್. ಹೈಟೆಕ್ ಸಿಟಿ, ಗಚ್ಚಿಬೌಲಿ ಕಡೆ ಕೆಲಸ ಮಾಡೋ ಯಾರ ಇನ್‌ಬಾಕ್ಸ್ ತೆರೆದರೂ ಈ ಪದ ಸಿಗುತ್ತೆ. 'ಪ್ಲೀಸ್ ಎಕ್ಸ್‌ಪೆಡೈಟ್' ಅಂತ ಬಂತು ಅಂದ್ರೆ ನಮಗೆ ಅರ್ಥ ಆಗೋದು ಒಂದೇ: ಬೇಗ ಮುಗಿಸು ಮಾರಾಯ, ಇಲ್ಲಾಂದ್ರೆ ವಿಷಯ ಮೇಲಿನವರಿಗೆ ಹೋಗುತ್ತೆ. ಆದ್ರೆ ಈ ಪದವನ್ನು ಬಿಡಿಸಿ ನೋಡಿದ್ರೆ ಒಳಗೆ 'ಬೇಗ' ಅನ್ನೋ ಅರ್ಥದ ತುಂಡೇ ಇಲ್ಲ. ಅಲ್ಲಿರೋದು ಕಾಲು.

ಲ್ಯಾಟಿನ್‌ನಲ್ಲಿ 'ಪೆಸ್' ಅಂದ್ರೆ ಪಾದ. ವಿಭಕ್ತಿ ಹತ್ತಿದಾಗ ಅದು 'ಪೆಡ್' ಅಂತಾಗುತ್ತೆ. ಪೆಡಲ್, ಪೆಡೆಸ್ಟ್ರಿಯನ್ ಎಲ್ಲ ಅಲ್ಲಿಂದಲೇ ಬಂದವು. ಸಂಸ್ಕೃತದ ಪಾದ, ಇಂಗ್ಲಿಷಿನ ಫುಟ್ ಕೂಡ ಇದೇ ಮನೆತನದವು. ಮುಂದೆ 'ಎಕ್ಸ್' ಸೇರಿಸಿದ್ರೆ 'ಹೊರಗೆ' ಅಂತ. 'ಎಕ್ಸ್‌ಪೆಡಿರೆ' ಅಂದ್ರೆ ಸಿಕ್ಕಿಬಿದ್ದ ಕಾಲನ್ನು ಹೊರಗೆ ತೆಗೆಯೋದು, ಕಟ್ಟು ಬಿಚ್ಚೋದು. ಇದಕ್ಕೆ ಎದುರಾದ ಪದ 'ಇಂಪೆಡಿರೆ', ಅಂದ್ರೆ ಕಾಲು ಕಟ್ಟಿಹಾಕೋದು. ಇಂಗ್ಲಿಷಿನ 'ಇಂಪೀಡ್' ಇದರಿಂದ ಬಂದದ್ದು. ಕನ್ನಡದಲ್ಲಿ ನಾವೂ 'ಅಡ್ಡಗಾಲು ಹಾಕಿದ' ಅಂತೀವಲ್ಲ, ಹೆಚ್ಚು ಕಡಿಮೆ ಅದೇ ಚಿತ್ರ.

ಪದ ವೇಗದ ಕಡೆ ತಿರುಗಿದ್ದು ಹೇಗೆ ಅನ್ನೋದಕ್ಕೆ ರೋಮನ್ ಸೈನ್ಯ ನೋಡಬೇಕು. ಸೈನ್ಯದ ಸಾಮಾನು ಸರಂಜಾಮಿಗೆ ಅವರು ಇಟ್ಟ ಹೆಸರೇ 'ಇಂಪೆಡಿಮೆಂಟಾ', ಅಂದ್ರೆ ಕಾಲಿಗೆ ತೊಡಕಾಗುವಂಥದ್ದು. ಆ ಹೊರೆ ಬಿಟ್ಟು ಹಗುರವಾಗಿ ಹೊರಟ ತುಕಡಿಗೆ 'ಎಕ್ಸ್‌ಪೆಡಿಟಿ'. ಜೂಲಿಯಸ್ ಸೀಸರ್ ಗಾಲ್ ಯುದ್ಧದ ಬಗ್ಗೆ ಬರೆದದ್ದರಲ್ಲಿ ಈ ಎರಡೂ ಪದ ಮತ್ತೆ ಮತ್ತೆ ಬರುತ್ತವೆ. ಹೊರೆ ಇಳಿಸಿದವರು ಬೇಗ ಮುಟ್ಟುತ್ತಾರೆ. ವೇಗ ಅನ್ನೋದು ಹೊರೆ ಇಳಿದದ್ದರ ಫಲ, ಅಷ್ಟೇ. ನಮ್ಮಲ್ಲೂ ಹೀಗೇ ನೋಡಿ. ಸಂಸ್ಕೃತದ 'ಲಘು' ಅಂದ್ರೆ ಹಗುರ ಅಂತಲೂ ಹೌದು, ವೇಗ ಅಂತಲೂ ಹೌದು. ಉತ್ತರ ಕರ್ನಾಟಕದಲ್ಲಿ 'ಲಗೂ ಬಾ' ಅಂತ ಕರೆಯುವಾಗ ನಾವು ಕೇಳ್ತಿರೋದೂ ಆ ಹಗುರವನ್ನೇ.

ಇಂಗ್ಲಿಷಿನಲ್ಲಿ ಈ ಕ್ರಿಯಾಪದ ಸುಮಾರು 400 ವರ್ಷದಿಂದ ಬಳಕೆಯಲ್ಲಿದೆ. ಬಳಸುವಾಗ ಒಂದು ಸೂಕ್ಷ್ಮ ಇದೆ. ಎಕ್ಸ್‌ಪೆಡೈಟ್ ಮಾಡೋದು ಕೆಲಸವನ್ನು: ಅನುಮತಿ, ಸಾಗಣೆ, ವಿಚಾರಣೆ, ಅರ್ಜಿ. ಮನುಷ್ಯನನ್ನು ಎಕ್ಸ್‌ಪೆಡೈಟ್ ಮಾಡೋದಿಲ್ಲ. 'ಆಕ್ಸೆಲರೇಟ್' ಬೇರೆ, ಅದರಲ್ಲಿರೋದು 'ಸೆಲೆರ್', ಅಂದ್ರೆ ಚುರುಕು. ಶಾಲೆಯಲ್ಲಿ ವೇಗೋತ್ಕರ್ಷ ಅಂತ ಓದಿದ್ದು ಅದನ್ನೇ. ಇನ್ನು 'ಫಾಸ್ಟನ್ ದಿ ಪ್ರೋಸೆಸ್' ಅಂತ ಬರೆಯುವವರು ನಮ್ಮ ಆಫೀಸುಗಳಲ್ಲಿ ಬಹಳ ಜನ ಇದ್ದಾರೆ. ಅವರು ಹೇಳಬೇಕಾಗಿದ್ದು 'ಹೇಸನ್', ಅಂದ್ರೆ ತ್ವರೆ ಮಾಡು. 'ಫಾಸ್ಟನ್' ಅಂದ್ರೆ ಬಿಗಿಯಾಗಿ ಕಟ್ಟು, ವಿಮಾನದಲ್ಲಿ ಸೀಟ್ ಬೆಲ್ಟ್‌ಗೆ ಹೇಳ್ತಾರಲ್ಲ ಅದು. 'ಫಾಸ್ಟ್' ಪದದ ಹಳೇ ಅರ್ಥವೇ ಗಟ್ಟಿ, ಅಲುಗದ್ದು; ವೇಗದ ಅರ್ಥ ಆಮೇಲೆ ಬಂತು. ಅಂದ್ರೆ ಕೆಲಸ ಬೇಗ ಆಗಲಿ ಅಂತ ಬರೆಯಹೋಗಿ ಕೆಲಸವನ್ನೇ ಕಟ್ಟಿಹಾಕಿ ಅಂತ ಬರೆದ ಹಾಗಾಯ್ತು.

ಈಗ ಹೈದರಾಬಾದಿಗೆ ಬರೋಣ. ಈ ಊರಿನ ಕಚೇರಿಗಳಿಗೆ ಬೇರೆಯೇ ಒಂದು ಪದ ಇತ್ತು: ತಾಕೀದು. ನಿಜಾಮರ ಆಡಳಿತ ಮೊದಲು ನಡೆದದ್ದು ಪಾರಸಿಯಲ್ಲಿ, 1880ರ ದಶಕದಲ್ಲಿ ಅದು ಉರ್ದುವಿಗೆ ಬದಲಾಯಿತು. ಅರ್ಜಿ, ದಾಖಲೆ, ಜಾರಿ, ವಸೂಲಿ, ಜರೂರು ಇವೆಲ್ಲ ಇಂಥ ಕಚೇರಿ ಭಾಷೆಯಿಂದ ಕನ್ನಡಕ್ಕೆ ಬಂದು ಮನೆಯವರೇ ಆಗಿಬಿಟ್ಟಿವೆ. ತಾಕೀದೂ ಹಾಗೇ. ಅರಬ್ಬಿಯಲ್ಲಿ ಅದರ ಅರ್ಥ ಗಟ್ಟಿ ಮಾಡೋದು, ಬಿಗಿ ಮಾಡೋದು, ಒತ್ತಿ ಹೇಳೋದು. ಇವತ್ತಿಗೂ ಪೇಪರಿನಲ್ಲಿ 'ಸಚಿವರು ಅಧಿಕಾರಿಗಳಿಗೆ ತಾಕೀತು ಮಾಡಿದರು' ಅಂತ ಓದ್ತೀವಲ್ಲ, ಅದೇ ಪದ. ಗಮನಿಸಿ: ಎಕ್ಸ್‌ಪೆಡೈಟ್ ಸಡಿಲ ಮಾಡುವ ಪದ, ತಾಕೀದು ಬಿಗಿ ಮಾಡುವ ಪದ. ಎರಡರ ದಾರಿ ಪೂರಾ ಉಲ್ಟಾ.

ಆ ಕಾಲದಲ್ಲಿ ಬೀದರ್, ಗುಲ್ಬರ್ಗಾ, ರಾಯಚೂರು ಮೂರೂ ಹೈದರಾಬಾದ್ ಸಂಸ್ಥಾನದ ಜಿಲ್ಲೆಗಳು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. ಉರ್ದು ಓದಲು ಬಾರದ ರೈತನಿಗೆ ತನ್ನ ಹೊಲದ ಕಾಗದದಲ್ಲಿ ಏನಿದೆ ಅಂತ ತಿಳಿಯಲು ಇನ್ನೊಬ್ಬರು ಬೇಕು. ಅಂಥವನ ಕೆಲಸ ನಿಧಾನ ಆದರೆ ಕಾರಣ ಅವನ ಸೋಮಾರಿತನ ಅಲ್ಲ, ಭಾಷೆಯೇ ಕಾಲಿಗೆ ಸರಪಳಿ. ಮೇಲಿನಿಂದ ಎಷ್ಟು ತಾಕೀದು ಬಂದರೂ ಆ ಸರಪಳಿ ಕಳಚೋದಿಲ್ಲ. ಅದು ಸಡಿಲಾಗಲು 1948ರ ಸೆಪ್ಟೆಂಬರ್ 17 ಬರಬೇಕಾಯಿತು, ಆಮೇಲೆ ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ 1956ರ ನವೆಂಬರ್ 1 ಬರಬೇಕಾಯಿತು.

ಆಡಳಿತ ಬದಲಾಯಿತು, ಪದಗಳು ಇಂಗ್ಲಿಷ್ ಆದವು. ಆದರೆ ನನಗನ್ನಿಸೋದು, ನಾವು ಬರೆಯೋದು ಎಕ್ಸ್‌ಪೆಡೈಟ್, ಮನಸ್ಸಿನಲ್ಲಿರೋದು ಮಾತ್ರ ತಾಕೀದು.

ನಾನು ಹಿಂದೆ ಕೆಲಸ ಮಾಡಿದ ಒಂದು ಕಂಪನಿಯಲ್ಲಿ ಒಂದು ಡಿಪ್ಲಾಯ್‌ಮೆಂಟ್ ಎಂಟು ದಿನ ನಿಂತಿತ್ತು. ಅದರ ಜವಾಬ್ದಾರಿ ಇದ್ದದ್ದು ರಾಯಚೂರು ಕಡೆಯ ಒಬ್ಬ ಹುಡುಗಿಗೆ, ಸೇರಿ ಇನ್ನೂ ವರ್ಷ ಆಗಿರಲಿಲ್ಲ. ಅವಳ ಕೋಡ್ ಮೊದಲನೇ ದಿನವೇ ಸಿದ್ಧ. ಬೇಕಿದ್ದದ್ದು ಒಂದು ಡೇಟಾಬೇಸ್ ಪರ್ಮಿಷನ್. ಕೊಡಬೇಕಾದವರು ರಜೆಯಲ್ಲಿದ್ದರು, ಅವರ ಬದಲಿಗೆ ಟೂಲ್‌ನಲ್ಲಿ ಯಾರ ಹೆಸರೂ ಇರಲಿಲ್ಲ. ಎಂಟು ದಿನದಲ್ಲಿ ಆರು 'ಪ್ಲೀಸ್ ಎಕ್ಸ್‌ಪೆಡೈಟ್' ಮೇಲ್ ಹೋದವು, ಆರೂ ಅವಳಿಗೇ. ಮಾಡೋಕೆ ಏನೂ ಇಲ್ಲದಿದ್ದರೂ ರಾತ್ರಿ ಹನ್ನೊಂದರ ತನಕ ಲಾಗಿನ್ ಆಗಿ ಕೂತಿರುತ್ತಿದ್ದಳು. ಒಂಬತ್ತನೇ ದಿನ ಹಿರಿಯರೊಬ್ಬರು, 'ಏನಮ್ಮ, ಇದು ಯಾರ ಹತ್ರ ನಿಂತಿದೆ?' ಅಂತ ಕೇಳಿದರು. 20 ನಿಮಿಷದಲ್ಲಿ ಬದಲಿ ಹೆಸರು ಸೇರಿತು, ಸಂಜೆಯೊಳಗೆ ಕೆಲಸ ಮುಗಿಯಿತು. ಆದರೆ ವರ್ಷದ ಅಪ್ರೈಸಲ್‌ನಲ್ಲಿ ಆ ತಡ ಬಿದ್ದದ್ದು ಅವಳ ಹೆಸರಿಗೇ.

ನೆಟ್‌ವರ್ಕಿಂಗ್ ಗೊತ್ತಿರೋರಿಗೆ ಇನ್ನೊಂದು ಉದಾಹರಣೆ. 'ಎಕ್ಸ್‌ಪೆಡೈಟೆಡ್ ಫಾರ್ವರ್ಡಿಂಗ್' ಅಂತ ಇದೆಯಲ್ಲ, 1999ರಲ್ಲಿ ಆರ್‌ಎಫ್‌ಸಿ 2598, ಅದನ್ನು ಬದಲಿಸಿ 2002ರಲ್ಲಿ ಆರ್‌ಎಫ್‌ಸಿ 3246. ಫೋನ್ ಮಾತಿನಂಥ ಪ್ಯಾಕೆಟ್‌ಗೆ 46 ಅನ್ನೋ ಗುರುತು ಹಾಕ್ತೀವಿ, ರೂಟರ್ ಅದಕ್ಕೆ ದಾರಿ ಬಿಡುತ್ತೆ. ಪ್ಯಾಕೆಟ್ ತಾನೇನೂ ಹೆಚ್ಚು ವೇಗದಲ್ಲಿ ಓಡೋದಿಲ್ಲ. ಅದರ ಮುಂದಿನ ಸಾಲು ಕರಗುತ್ತೆ ಅಷ್ಟೇ. ಇದು ನಡೆಯೋದು ಒಂದು ಷರತ್ತಿನ ಮೇಲೆ: ಆ ಗುರುತಿನ ಟ್ರಾಫಿಕ್ ಮಿತಿಯಲ್ಲಿರಬೇಕು. ಎಲ್ಲಾ ಪ್ಯಾಕೆಟ್‌ಗೂ 46 ಹಾಕಿದರೆ ಮತ್ತೆ ಅದೇ ಹಳೇ ಕ್ಯೂ. ಎಲ್ಲಾ ಟಿಕೆಟ್ಟೂ ಅರ್ಜೆಂಟ್ ಅನ್ನುವ ಮ್ಯಾನೇಜರ್‌ಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಪದದ ಮೂಲಾರ್ಥ ನಮ್ಮ ದೇಶದಲ್ಲಿ ಅಕ್ಷರಶಃ ನಿಜವಾದ ಪ್ರಸಂಗವೂ ಇದೆ. 1979ರ ಹುಸೈನಾರಾ ಖಾತೂನ್ ಪ್ರಕರಣ. ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಆಗದೆ ವರ್ಷಗಟ್ಟಲೆ ಕೂತ ಬಡವರಿದ್ದರು. ಕೆಲವರು ತಮ್ಮ ಮೇಲಿನ ಆರೋಪಕ್ಕೆ ಸಿಗಬಹುದಾದ ಗರಿಷ್ಠ ಶಿಕ್ಷೆಗಿಂತಲೂ ಹೆಚ್ಚು ಕಾಲ ಒಳಗಿದ್ದರು. ವಕೀಲೆ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿಗೆ ಹೋದರು. ತ್ವರಿತ ವಿಚಾರಣೆ ಸಂವಿಧಾನದ 21ನೇ ವಿಧಿಯ ಭಾಗ ಅಂತ ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರಿದ್ದ ಪೀಠ ಹೇಳಿತು. ಕೆಳಗಿನ ಕೋರ್ಟುಗಳಿಗೆ ಬರೀ 'ಬೇಗ ಮಾಡಿ' ಅಂತ ತಾಕೀದು ಬರೆದು ಸುಮ್ಮನಾಗಲಿಲ್ಲ. ಜಾಮೀನಿಗೆ ದುಡ್ಡಿಲ್ಲದವರನ್ನು ವೈಯಕ್ತಿಕ ಬಾಂಡ್ ಮೇಲೆ ಬಿಡಿಸಿತು. ಅಲ್ಲಿ ಸಿಕ್ಕಿಬಿದ್ದ ಕಾಲುಗಳು ನಿಜವಾಗಿಯೂ ಹೊರಗೆ ಬಂದವು.

ಹಾಗಾಗಿ ನನ್ನ ಸಲಹೆ ಇಷ್ಟೇ. ಮುಂದಿನ ಸಲ ಎಕ್ಸ್‌ಪೆಡೈಟ್ ಅಂತ ಟೈಪ್ ಮಾಡುವಾಗ ಜೊತೆಗೆ ಇನ್ನೊಂದು ಸಾಲು ಸೇರಿಸಿ: 'ಎಲ್ಲಿ ನಿಂತಿದೆ, ನಾನೇನು ಬಿಡಿಸಿಕೊಡಲಿ?' ಆಮೇಲೆ ಆ ಮೇಲ್ ಯಾರಿಗೆ ಹೋಗಬೇಕು ನೋಡಿ. ಕಟ್ಟಿಸಿಕೊಂಡು ಕೂತವರಿಗೆ ಬೇಡ, ಗಂಟು ಯಾರ ಕೈಯಲ್ಲಿದೆಯೋ ಅವರಿಗೆ ಕಳಿಸಿ. ಮೇಲ್ ನಿಮಗೇ ಬಂದಿದ್ದರೆ ಸುಮ್ಮನೆ 'ನೋಟೆಡ್' ಅನ್ನಬೇಡಿ, ಗಂಟು ಎಲ್ಲಿದೆ ಅಂತ ಬರೆದು ತಿಳಿಸಿ, ಬರವಣಿಗೆಯಲ್ಲಿ ಇರಲಿ. ಅಪ್ರೈಸಲ್ ದಿನ ಬೇಕಾಗುತ್ತೆ.

ನಿಮ್ಮ ಊರಿನ ಕಡೆ 'ಬೇಗ' ಅನ್ನೋದಕ್ಕೆ ಬೇರೆ ಮಾತುಗಳಿದ್ದರೆ ತಿಳಿಸಿ. ಮುಂದಿನ ವಿಡಿಯೋದಲ್ಲಿ ಸಿಗೋಣ, ನಮಸ್ಕಾರ.